ಬಲಗೈಗೆ ಅರ್ಧ ದಿನ ರಜೆ

ಬಸ್ ಸ್ಟಾಪಿನ ಕಂಬಕ್ಕೆ ನೋಟಿಸು ಅಂಟಿಸಿದ ದಿನವೇ ಯಾರೋ ಪುಣ್ಯಾತ್ಮರು ಅದರ ಕೆಳಗಿನ ಅರ್ಧದ ಮೇಲೆ 'ರೂಮು ಬಾಡಿಗೆಗಿದೆ' ಎಂಬ ಚೀಟಿ ಬಡಿದು ಹೋಗಿದ್ದರು. ಹಾಗಾಗಿ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ಬೀದಿಯವರ ನಿದ್ದೆ ಕೆಡಿಸಲು ಅಷ್ಟು ಧಾರಾಳವಾಗಿ ಸಾಕಾಯಿತು. ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ವಾರ್ಡು ಸಭೆ. ಮೊದಲನೇ ವಿಷಯ, ಈ ಸ್ಟಾಪನ್ನು ಇಲ್ಲಿಂದ ಕಿತ್ತು ಹೆದ್ದಾರಿಯ ಆಚೆ ಬದಿಗೆ ಸಾಗಿಸುವುದು. ಹಾಜರಿರುವ ಮತದಾರರು ಕೈ ಎತ್ತಿ ತೀರ್ಮಾನಿಸತಕ್ಕದ್ದು.

ಎಲ್ಲರಿಗಿಂತ ಹೆಚ್ಚು ನಡುಗಿದವನು ಬಿಸ್ಕತ್ತಣ್ಣ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಇಪ್ಪತ್ತೆರಡು ವರ್ಷ ಬಿಸ್ಕತ್ತು ಕಾರ್ಖಾನೆಯಲ್ಲಿ ದುಡಿದು, ದಿನಾ ಸಂಜೆ ಬೆಣ್ಣೆ ಸಕ್ಕರೆಯ ವಾಸನೆ ಹೊತ್ತು ಬರುವವನನ್ನು ಬೀದಿ ಬೇರೇನೆಂದು ಕರೆದೀತು? ಅವರ ವಾರ್ಡು ಹಾವಿನಂತೆ ಉದ್ದ. ತಲೆಯ ಕಡೆ ಇವನ ಮನೆ, ಬಾಲದ ಕಡೆ ಕಾರ್ಖಾನೆ, ನಡುವೆ ಆರು ಕಿಲೋಮೀಟರು. ನಿಂತು ನಿಂತು ಸವೆದ ಎಡ ಮಂಡಿ ಮನೆಯಿಂದ ಸ್ಟಾಪಿನವರೆಗೆ ಹೇಗೋ ಸಾಗುತ್ತಿತ್ತು. ಹೆದ್ದಾರಿ ದಾಟಲು ಮೇಲ್ಸೇತುವೆ ಹತ್ತಬೇಕು, ಅದಕ್ಕೆ ಅರವತ್ತೆರಡು ಮೆಟ್ಟಿಲು. ಬಿಸ್ಕತ್ತಣ್ಣ ಒಮ್ಮೆ ಕೆಳಗೆ ನಿಂತು ಎಣಿಸಿ, ಹತ್ತದೇ ವಾಪಸು ಬಂದಿದ್ದ. ಸ್ಟಾಪು ಹೋದರೆ ಬಸ್ಸು ಹೋಯಿತು, ಬಸ್ಸು ಹೋದರೆ ಮಂಡಿ ಹೋಯಿತು, ಮಂಡಿಯ ಹಿಂದೆಯೇ ಕೆಲಸವೂ ಹೋಗುತ್ತದೆಂದು ಅವನು ಮೂರು ರಾತ್ರಿ ಸರಿಯಾಗಿ ಕಣ್ಣು ಮುಚ್ಚಲಿಲ್ಲ.

ಬೀದಿಯವರೆಲ್ಲ ಸೇರಿದರು. ಸಭೆಗೆ ಹೋಗುವವರು ಯಾರೆಂಬ ಪ್ರಶ್ನೆ ಎದ್ದ ಕೂಡಲೇ ಎಲ್ಲರಿಗೂ ಕೆಮ್ಮು ಬಂತು. ಮೂಲೆಮನೆಯ ರಿಟೈರಾದ ಮೇಷ್ಟ್ರಿಗೆ ಹೊತ್ತು ಹೋಗದೆ ಸಾಯುವಷ್ಟು ಬಿಡುವು, ಆದರೆ ಅವರ ಹೆಸರು ಇನ್ನೂ ಹಳೇ ವಾರ್ಡಿನ ಮತದಾರರ ಪಟ್ಟಿಯಲ್ಲೇ ಕೂತಿತ್ತು. ದರ್ಜಿಗೆ ಮದುವೆ ಬಟ್ಟೆಯ ಗಡುವು. ಬಿಸ್ಕತ್ತಣ್ಣನ ಹೆಂಡತಿ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು. ಅವಳು ಕೇಳಿದ್ದಕ್ಕೆ ಶಿಶುವಿಹಾರದ ಯಜಮಾನಿ, ಹೋಗುವುದು ನಿನ್ನ ಹಕ್ಕು ಕಣಮ್ಮ, ಬೇಡ ಅನ್ನೋದಿಲ್ಲ, ಹೋಗುವಾಗ ಮೂವತ್ತು ಮಕ್ಕಳನ್ನೂ ಕರೆದುಕೊಂಡು ಹೋಗು ಅಂದಿದ್ದಳಂತೆ.

ಕೊನೆಗೆ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಿಸ್ಕತ್ತಣ್ಣನ ಕಡೆ ತಿರುಗಿದರು. ಕೆಲಸಗಾರರಿಗೆ ವರ್ಷಕ್ಕೊಮ್ಮೆ ಸಾರ್ವಜನಿಕ ಕಾರ್ಯಕ್ಕಾಗಿ ಅರ್ಧ ದಿನ ಸಂಬಳ ಸಹಿತ ರಜೆ ಕೊಡಲೇಬೇಕೆಂದು ಕಾನೂನಿದೆಯಂತೆ. ಮತ ಹಾಕುವುದು, ಸಭೆಗೆ ಹೋಗುವುದು ಎಲ್ಲ ಅದರಲ್ಲಿ ಬರುತ್ತದಂತೆ. "ನೀವು ಮಾತಾಡೋದೇನೂ ಬೇಡ. ವಿರೋಧ ಇರೋರು ಅಂದಾಗ ಒಂದು ಕೈ ಎತ್ತಿ ಬನ್ನಿ ಸಾಕು," ಎಂದರು.

ಕೈ ಎಂದದ್ದೇ ಹೆಂಡತಿ ಗಂಡನ ಮುಖ ನೋಡಿದಳು. ಅವಳ ಕಳವಳಕ್ಕೆ ಕಾರಣವಿತ್ತು.

ಕಾರ್ಖಾನೆಯಲ್ಲಿ ಬಿಸ್ಕತ್ತುಗಳು ಬೆಲ್ಟಿನ ಮೇಲೆ ಸಾಲುಸಾಲಾಗಿ ಹರಿದು ಬರುತ್ತವೆ. ಒಂದೊಂದು ಸಾಲಿಗೆ ಒಬ್ಬರು ಕಾವಲು. ಏಳು ನಿಮಿಷಕ್ಕೊಮ್ಮೆ ಟಣ್ ಎಂದು ಗಂಟೆ ಹೊಡೆಯುತ್ತದೆ. ಆಗ ತನ್ನ ಸಾಲಿನಲ್ಲಿ ಒಡಕು, ಸೀದದ್ದು ಇಲ್ಲವೆಂದು ತೋರಿಸಲು ಪ್ರತಿಯೊಬ್ಬರೂ ಬಲಗೈ ಎತ್ತಬೇಕು. ಒಂದು ಕೈ ಕಡಿಮೆಯಾದರೂ ಬೆಲ್ಟು ನಿಲ್ಲುತ್ತದೆ, ನಿಂತರೆ ಮೇಸ್ತ್ರಿಯ ಬಾಯಿ ಓಡುತ್ತದೆ. ಉಳಿದವರು ಎರಡು ಮೂರು ವರ್ಷಕ್ಕೆ ಬೇರೆ ಕೆಲಸಕ್ಕೆ ಬದಲಾಗುತ್ತಿದ್ದರು. ಬಿಸ್ಕತ್ತಣ್ಣ ಬದಲಿ ಕೇಳಲು ಹೆದರಿ ಇಪ್ಪತ್ತೆರಡು ವರ್ಷ ಅಲ್ಲೇ ಉಳಿದ. ಈಗ ಆ ಕೈ ಅವನ ಮಾತು ಕೇಳುತ್ತಿರಲಿಲ್ಲ, ಗಂಟೆಯ ಮಾತು ಕೇಳುತ್ತಿತ್ತು. ಮನೆಯ ಬಾಗಿಲ ಬೆಲ್ಲು, ಹಾಲಿನವನ ಸೈಕಲ್ ಬೆಲ್ಲು, ಯಾವುದಾದರೂ ಆದೀತು, ಕೈ ಸುಮ್ಮನೆ ಮೇಲೇಳುತ್ತಿತ್ತು. ಬಸ್ಸಿನಲ್ಲಿ ಮಾತ್ರ ಬಚಾವು. ಅಲ್ಲಿ ಕಂಬಿ ಹಿಡಿದು ನಿಲ್ಲುವುದರಿಂದ ಕೈ ಹೇಗೂ ಮೇಲೇ ಇರುತ್ತಿತ್ತು.

"ಅಲ್ಲಿ ಗಂಟೆ ಇಲ್ಲದಿದ್ರೆ ಸಾಕು," ಎಂದಳು ಹೆಂಡತಿ.

ಮಂಗಳವಾರ ಬೆಳಿಗ್ಗೆ ಬಿಸ್ಕತ್ತಣ್ಣ ಮೇಸ್ತ್ರಿಯ ಮುಂದೆ ನಿಂತು, ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ವಾಕ್ಯವನ್ನು ಉರುಹೊಡೆದ ಹುಡುಗನಂತೆ ಒಪ್ಪಿಸಿದ. ಮೇಸ್ತ್ರಿ ತಲೆ ಎತ್ತದೆ ಕೇಳಿದ, "ಯಾರು ಹೋಗ್ಬಿಟ್ರು?"

"ಯಾರೂ ಇಲ್ಲ."

"ಮತ್ಯಾಕೆ ರಜೆ?"

"ವಾರ್ಡು ಸಭೆಗೆ. ಅದು ನನ್ನ ಹಕ್ಕಂತೆ."

ಹಕ್ಕು ಎಂಬ ಮಾತು ಆ ಕೋಣೆಯಲ್ಲಿ ಮೊದಲ ಸಲ ಹುಟ್ಟಿತ್ತೋ ಏನೋ, ಮೇಸ್ತ್ರಿ ಪೆನ್ನು ಕೆಳಗಿಟ್ಟ. ಬಿಸ್ಕತ್ತಣ್ಣ ಆಗಲೇ, ಬೇಡ ಬಿಡಿ, ಎನ್ನಲು ಬಾಯಿ ತೆರೆದಿದ್ದ. ಅರವತ್ತೆರಡು ಮೆಟ್ಟಿಲು ಕಣ್ಮುಂದೆ ಬಂದು ಬಾಯಿ ಮುಚ್ಚಿಕೊಂಡ. ಮೇಸ್ತ್ರಿ ಅವನನ್ನು ಗುಮಾಸ್ತನ ಬಳಿ ಅಟ್ಟಿದ. ಗುಮಾಸ್ತ ಮೂರು ಬೀರು ಜಾಲಾಡಿ, ಕೊನೆಗೆ ತನ್ನ ಚಹಾ ಲೋಟದ ಕೆಳಗೇ ಆ ರಜೆಯ ಅರ್ಜಿ ನಮೂನೆಯನ್ನು ಪತ್ತೆ ಹಚ್ಚಿದ. ಅದರ ಮೇಲೆ ಲೋಟದ ಗುರುತುಗಳು ಒಂದರ ಮೇಲೊಂದು ಬಿದ್ದು ಸರ್ಕಾರಿ ಮೊಹರಿಗಿಂತ ಗಟ್ಟಿಯಾಗಿದ್ದವು. ಸಭೆಯ ಅಧ್ಯಕ್ಷರ ಸಹಿ ಮತ್ತು ಮುದ್ರೆ ಇಲ್ಲದೆ ಮರಳಿದರೆ ಹೇಳದೆ ಕೇಳದೆ ಓಡಿಹೋದವನೆಂದು ಬರೆದುಕೊಳ್ಳಬೇಕಾಗುತ್ತದೆ ಎಂದು ಗುಮಾಸ್ತ ತುಂಬ ಪ್ರೀತಿಯಿಂದ ಎಚ್ಚರಿಸಿದ.

ಚಹಾದ ಹೊತ್ತಿಗೆ ಸುದ್ದಿ ಇಡೀ ಕಾರ್ಖಾನೆಗೆ ಹಬ್ಬಿತ್ತು. ಒಲೆಯ ವಿಭಾಗದಲ್ಲಿ ಬಿಸ್ಕತ್ತಣ್ಣ ಸಭೆಗೆ ಹೋಗುತ್ತಿದ್ದ, ಹಿಟ್ಟಿನ ವಿಭಾಗಕ್ಕೆ ಹೋಗುವಷ್ಟರಲ್ಲಿ ಭಾಷಣ ಮಾಡುತ್ತಿದ್ದ, ಗೋದಾಮು ಮುಟ್ಟಿದಾಗ ಚುನಾವಣೆಗೆ ನಿಂತೇಬಿಟ್ಟಿದ್ದ. ಡಬ್ಬಿ ಮುಚ್ಚುವವನೊಬ್ಬ ಬಂದು ಮೆಲ್ಲಗೆ ತನ್ನ ಭಾಮೈದನಿಗೆ ಒಂದು ನಲ್ಲಿ ಸಂಪರ್ಕ ಕೊಡಿಸಬೇಕೆಂದ. ಪಕ್ಕದ ಸಾಲಿನ ಅಕ್ಕ ಮಾತ್ರ ಅವನ ಮುಖ ನೋಡಿ ಮರುಗಿದಳು. "ಇದ್ದ ಜಾಗದಲ್ಲಿ ಸುಮ್ನೆ ಇರೋದು ಬಿಟ್ಟು ಇದೆಲ್ಲ ಯಾಕಣ್ಣ ನಿನಗೆ?" ಬಿಸ್ಕತ್ತಣ್ಣನಿಗೂ ಅದೇ ಅನ್ನಿಸುತ್ತಿತ್ತು.

ಹನ್ನೆರಡಕ್ಕೆ ಮ್ಯಾನೇಜರಿಂದ ಕರೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಕೋಣೆಯ ಬಾಗಿಲು ನೋಡಿದ್ದನೇ ಹೊರತು ಒಳಗೆ ಕಾಲಿಟ್ಟವನಲ್ಲ. ಮ್ಯಾನೇಜರ ಮುಖದಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ವಿಚಿತ್ರವಾದದ್ದು, ಹೆದರಿಕೆಯಂಥದ್ದು ಏನೋ ಇತ್ತು. ಅವರು ಬಿಸ್ಕತ್ತಣ್ಣನನ್ನು ಕೂರಿಸಿ, ಇವತ್ತಿನ ಸಭೆಗೇ ಯಾಕೆ ಹೋಗಬೇಕು, ಅಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು.

"ಕೈ ಎತ್ತುತೀನಿ ಸಾರ್."

"ಪರವಾಗಿಯೋ, ವಿರೋಧವಾಗಿಯೋ?"

"ವಿರೋಧ ಸಾರ್."

ಮ್ಯಾನೇಜರ ಮುಖ ನೀರಿಗೆ ಬಿದ್ದ ಬಿಸ್ಕತ್ತಿನಂತೆ ಕುಸಿಯಿತು. "ಯಾತಕ್ಕೆ ವಿರೋಧ?"

"ಬಸ್ ಸ್ಟಾಪು ಕೀಳೋದಕ್ಕೆ."

"ಬಸ್ ಸ್ಟಾಪು," ಎಂದರು ಮ್ಯಾನೇಜರು. "ಬೇರೇನೂ ಇಲ್ವಾ?" ಎಂದು ಕೇಳಿದರು.

ಬೇರೇನೂ ಇಲ್ಲವೆಂದು ಬಿಸ್ಕತ್ತಣ್ಣ ಆಣೆ ಮಾಡುವವನಂತೆ ಹೇಳಿದ. ಮ್ಯಾನೇಜರು ನಮೂನೆಯನ್ನು ಹತ್ತಿರಕ್ಕೆಳೆದು ಓದದೆಯೇ ಸಹಿ ಹಾಕಿದರು. ಬಾಗಿಲವರೆಗೂ ಬಂದು ಭುಜ ತಟ್ಟಿ ಕಳಿಸಿದರು. ಈ ಪ್ರೀತಿ ಎಲ್ಲಿಂದ ಉಕ್ಕಿತೆಂದು ಬಿಸ್ಕತ್ತಣ್ಣನಿಗೆ ತಿಳಿಯಲಿಲ್ಲ. ಬೈಸಿಕೊಂಡಿದ್ದರೆ ಎಷ್ಟೋ ನೆಮ್ಮದಿ ಇರುತ್ತಿತ್ತು.

ವಾರ್ಡು ಕಚೇರಿಯ ಸಭಾಂಗಣದಲ್ಲಿ ಅವನೂ ಸೇರಿ ಮೂವತ್ತನಾಲ್ಕು ಮಂದಿ ಇದ್ದರು. ಅರ್ಧ ಜನ ಹೆದ್ದಾರಿಯ ಆಚೆಯವರು, ಸ್ಟಾಪು ತಮ್ಮ ಕಡೆ ಬರಲೆಂದು ಗುಂಪು ಕಟ್ಟಿಕೊಂಡು ಬಂದವರು. ಬಿಸ್ಕತ್ತಣ್ಣ ಹಿಂದಿನ ಸಾಲಿನಲ್ಲಿ, ಉಣ್ಣೆ ಹೆಣೆಯುತ್ತಿದ್ದ ಒಬ್ಬ ಅಜ್ಜಿಯ ಪಕ್ಕ ಕೂತ. ಅಧ್ಯಕ್ಷೆ ಬಂದರು, ಗಟ್ಟಿ ಹೆಂಗಸು, ಬಂದವರೇ ಕೈಚೀಲದಿಂದ ಒಂದು ಹಿತ್ತಾಳೆ ಗಂಟೆ ತೆಗೆದು ಮೇಜಿನ ಮೇಲಿಟ್ಟರು. ಬಿಸ್ಕತ್ತಣ್ಣ ತಿರುಗಿ ಬಾಗಿಲು ಎಷ್ಟು ದೂರವಿದೆಯೆಂದು ನೋಡಿದ.

ಟಣ್ ಎಂದಿತು ಗಂಟೆ. ಕೈ ಎದ್ದಿತು.

"ಏನು ಹೇಳ್ಬೇಕಾಗಿತ್ತು?" ಎಂದರು ಅಧ್ಯಕ್ಷೆ. ಏನೂ ಇಲ್ಲವೆಂದು ಬಿಸ್ಕತ್ತಣ್ಣ ತೊದಲಿದ. ಸಭೆ ಇನ್ನೂ ಶುರುವೇ ಆಗಿಲ್ಲವಲ್ಲ ಎಂದು ಯಾರೋ ನಕ್ಕರು. ಅಧ್ಯಕ್ಷೆ ಮೊದಲು ಒಂದು ಸಣ್ಣ ಕೆಲಸ ಮುಗಿಸೋಣವೆಂದು, ಭಾನುವಾರ ಬೀದಿನಾಯಿಗಳ ಲೆಕ್ಕ ಹಾಕಲು ಯಾರಾದರೂ ತಾವಾಗಿ ಮುಂದೆ ಬರುತ್ತೀರಾ ಎಂದು ಕೇಳಿ, ಗಂಟೆ ಹೊಡೆದರು. ಇಡೀ ಸಭಾಂಗಣದಲ್ಲಿ ಒಂದೇ ಒಂದು ಕೈ ಎದ್ದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಂದಿನಲ್ಲಿ ನಾಯಿಯಿಂದ ಕಚ್ಚಿಸಿಕೊಂಡು ಇವತ್ತಿಗೂ ಮರಿ ಕಂಡರೆ ರಸ್ತೆ ಬದಲಿಸುವ ಬಿಸ್ಕತ್ತಣ್ಣ ಎದ್ದು ನಿಂತು ತನ್ನ ಹೆಸರು, ವಿಳಾಸ, ಕೆಲಸ ಎಲ್ಲ ಬರೆಸಿದ.

ನಾಯಿಯ ಚಿಂತೆ ಭಾನುವಾರದ್ದು. ಎದುರಿಗೆ ಬಂದು ನಿಂತ ಚಿಂತೆ ಬೇರೆ. ಅಧ್ಯಕ್ಷೆ ಪ್ರತಿ ಪ್ರಶ್ನೆಗೂ ಗಂಟೆ ಹೊಡೆಯುವವರು. ಸ್ಟಾಪಿನ ವಿಷಯ ಬಂದಾಗ ಮೊದಲು ಕೇಳುವುದು, ಪರವಾಗಿರುವವರು ಯಾರು ಎಂದು. ಗಂಟೆ ಹೊಡೆದರೆ ಅವನ ಕೈ ಸ್ಟಾಪು ಕೀಳುವವರ ಜೊತೆಗೆ ಎದ್ದು ನಿಲ್ಲುತ್ತದೆ. ಬೀದಿಯವರು ಕಳಿಸಿದ ಒಬ್ಬನೇ ಒಬ್ಬ ಮನುಷ್ಯ ಬೀದಿಗೇ ಬೆಂಕಿ ಇಟ್ಟು ಬಂದಂತಾಗುತ್ತದೆ. ಕೈಯನ್ನು ತೊಡೆಯಡಿ ಒತ್ತಿ ಕೂತು ನೋಡಿದ, ನಂಬಿಕೆ ಬರಲಿಲ್ಲ.

ನಾಚಿಕೆ ಬಿಟ್ಟು ಪಕ್ಕದ ಅಜ್ಜಿಯ ಕಿವಿಯಲ್ಲಿ ತನ್ನ ಪಾಡು ಹೇಳಿಕೊಂಡ. ಅಜ್ಜಿ ನಗಲಿಲ್ಲ. ತನ್ನ ಗಂಡ ರೈಲ್ವೆ ಗೇಟು ಕಾಯುತ್ತಿದ್ದವರು, ರಿಟೈರಾಗಿ ಎಷ್ಟೋ ವರ್ಷ ರೈಲಿನ ಸದ್ದಿಗೆ ನಿದ್ದೆಯಲ್ಲೇ ಎದ್ದು ಬಾಗಿಲು ಹಾಕುತ್ತಿದ್ದರು ಎಂದು ಪಿಸುಗುಟ್ಟಿದಳು. ಹಾಗೆ ಹೇಳುತ್ತಲೇ ಅವನ ಮಣಿಕಟ್ಟನ್ನು ಹಸಿರು ಉಣ್ಣೆಯಿಂದ ಕುರ್ಚಿಯ ತೋಳಿಗೆ ಎಂಟು ಸುತ್ತು ಬಿಗಿದು ಗಂಟು ಹಾಕಿದಳು. "ಈಗ ಎದ್ದರೆ ಕೇಳಪ್ಪ," ಎಂದಳು.

ಅಧ್ಯಕ್ಷೆ ಸ್ಟಾಪಿನ ವಿಷಯ ಓದಿದರು. ಆಚೆ ಬದಿಯವರು ಮಾತಾಡಿದರು, ಈಚೆ ಬದಿಯವರು ಮಾತಾಡಿದರು, ಎರಡೂ ಬದಿಯವರು ಒಟ್ಟಿಗೆ ಮಾತಾಡಿದರು. ಪರವಾಗಿರುವವರು ಕೈ ಎತ್ತಿ ಎಂದು ಗಂಟೆ ಬಿತ್ತು. ಬಿಸ್ಕತ್ತಣ್ಣನ ಕೈ ಒಮ್ಮೆ ಒದ್ದಾಡಿತು, ಕುರ್ಚಿ ಕಿರುಗುಟ್ಟಿತು, ಉಣ್ಣೆ ಹಿಡಿದು ನಿಲ್ಲಿಸಿತು. ಅಧ್ಯಕ್ಷೆ ಎರಡು ಸಲ ಎಣಿಸಿದರು. ಹದಿನೇಳು.

ವಿರೋಧವಾಗಿರುವವರು ಎಂದು ಮತ್ತೆ ಗಂಟೆ. ಈಗ ಎತ್ತಬೇಕಾದ ಕೈ ಏಳಲಿಲ್ಲ. ಮೊದಲ ಸಲದ ಎಳೆತಕ್ಕೆ ಗಂಟು ಕಗ್ಗಂಟಾಗಿತ್ತು. ಅಜ್ಜಿ ಒಂದು ಕೈ ಎತ್ತಿಕೊಂಡೇ ಇನ್ನೊಂದನ್ನು ಸಣ್ಣ ಕತ್ತರಿಗಾಗಿ ಚೀಲದಲ್ಲಿ ಆಡಿಸುತ್ತಿದ್ದಳು. ಎಡಗೈ ಒಂದು ಇದೆಯೆಂಬುದು ಬಿಸ್ಕತ್ತಣ್ಣನಿಗೆ ನೆನಪಾಗಲೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅಧ್ಯಕ್ಷೆ ಹದಿನಾಲ್ಕು, ಹದಿನೈದು ಎಂದು ಎಣಿಸುತ್ತ ಹಿಂದಿನ ಸಾಲಿಗೆ ಬಂದರು. ಹದಿನಾರು ಎಂದು ನಿಲ್ಲಿಸಿ ಪೆನ್ನು ತೆಗೆದುಕೊಂಡರು.

ಅರವತ್ತೆರಡು ಮೆಟ್ಟಿಲುಗಳೂ ಒಟ್ಟಿಗೆ ಬಿಸ್ಕತ್ತಣ್ಣನ ಮೇಲೆ ಬಿದ್ದಂತಾಯಿತು. ಎದ್ದು ನಿಂತು, ಇದ್ದ ಶಕ್ತಿಯನ್ನೆಲ್ಲ ಬಲಗೈಗೆ ತುಂಬಿ ಎತ್ತಿದ. ಕೈ ಮೇಲೆ ಹೋಯಿತು, ಕೈಯ ಜೊತೆ ಕುರ್ಚಿಯೂ ಹೋಯಿತು. ಮುಂದಿನ ಸಾಲಿನವರು ತಲೆ ಬಗ್ಗಿಸಿದರು. ಇದು ಸಿಂಧುವಲ್ಲ, ಕುರ್ಚಿ ಎತ್ತಿದ್ದಾರೆ, ಕೈ ಎತ್ತಿಲ್ಲ ಎಂದು ಆಚೆ ಬದಿಯವನೊಬ್ಬ ತಕರಾರು ತೆಗೆದ. ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿದರು.

"ನಾಲ್ಕು ವರ್ಷದಿಂದ ಈ ಸಭೆ ನಡೆಸ್ತಾ ಇದೀನಿ. ಇಷ್ಟು ಕಷ್ಟಪಟ್ಟು ಯಾರೂ ಕೈ ಎತ್ತಿರಲಿಲ್ಲ," ಎಂದು ಹೇಳಿ ಹದಿನೇಳು ಎಂದು ಬರೆದುಕೊಂಡರು. ಎರಡೂ ಕಡೆ ಸಮವಾದರೆ ಪ್ರಸ್ತಾಪ ಬಿದ್ದುಹೋಗುತ್ತದೆ ಎಂಬುದು ನಿಯಮ. ಸ್ಟಾಪು ಇದ್ದಲ್ಲೇ ಉಳಿಯಿತು.

ಬಿಸ್ಕತ್ತಣ್ಣನ ಕಣ್ಣಲ್ಲಿ ನೀರು ಬಂತು. ಜನ್ಮದಲ್ಲಿ ಮೊದಲ ಸಲ ಅವನ ಕೈ ಅವನದೇ ಇಷ್ಟದಂತೆ ಎದ್ದಿತ್ತು, ಎದ್ದು ಗೆದ್ದಿತ್ತು. ಈಚೆ ಬದಿಯವರೆಲ್ಲ ತಿರುಗಿ ತಿರುಗಿ ನೋಡಿ ನಕ್ಕರು. ಅಜ್ಜಿ ಕೊನೆಗೂ ಸಿಕ್ಕಿದ ಕತ್ತರಿಯಿಂದ ಉಣ್ಣೆ ಕತ್ತರಿಸಿ, ಕೆಂಪಾದ ಮಣಿಕಟ್ಟನ್ನು ತಿಕ್ಕುತ್ತ, ಆ ಬಸ್ಸಲ್ಲೇ ತಾನು ವಾರಕ್ಕೆರಡು ಸಲ ತಂಗಿಯ ಮನೆಗೆ ಹೋಗುವುದು, ತಂಗಿಗೆ ಕಣ್ಣು ಕಾಣದಿರುವುದು, ತಂಗಿಯ ಸೊಸೆಯ ದುರಹಂಕಾರ ಎಲ್ಲವನ್ನೂ ಹೇಳತೊಡಗಿದಳು. ಮುಂದೆ ಅಧ್ಯಕ್ಷೆ, ಕೊನೆಯದು ಇನ್ನೊಂದೇ ವಿಷಯ ಎಂದು ಏನನ್ನೋ ಓದುತ್ತಿದ್ದರು. ಬಿಸ್ಕತ್ತಣ್ಣನ ಕಿವಿ ಪೂರ್ತಿ ಅಜ್ಜಿಯ ತಂಗಿಯ ಸೊಸೆಯ ಮೇಲಿತ್ತು. ಗಂಟೆ ಹೊಡೆಯಿತು.

ಹಗುರಾಗಿದ್ದ ಕೈ ಹಕ್ಕಿಯಂತೆ ಎದ್ದಿತು.

"ನೀವು ಬಿಸ್ಕತ್ತು ಕಾರ್ಖಾನೆಯವರೇ ಅಲ್ವಾ?" ಎಂದು ಅಧ್ಯಕ್ಷೆ ಕೇಳಿದರು.

"ಹೌದು ಮೇಡಂ, ಇಪ್ಪತ್ತೆರಡು ವರ್ಷದಿಂದ," ಎಂದ ಬಿಸ್ಕತ್ತಣ್ಣ ಎದೆಯುಬ್ಬಿಸಿ. ಗೆದ್ದವನಿಗೆ ಪರಿಚಯ ಹೇಳಿಕೊಳ್ಳಲು ಯಾವ ಸಂಕೋಚ?

"ದುಡಿಯೋರೇ ಬೇಕು ಅಂದ್ಮೇಲೆ ನಮ್ಮದೇನಿದೆ," ಎಂದು ಯಾರೋ ಅಂದರು. ಉಳಿದವರು ತಲೆಯಾಡಿಸಿದರು. ಅಧ್ಯಕ್ಷೆ ಬರೆದುಕೊಂಡು ಸಭೆ ಮುಗಿಸಿದರು. ಅವನ ರಜೆ ಚೀಟಿಗೆ ಸಹಿ ಹಾಕಿ, ಮುದ್ರೆ ಒತ್ತಿ, ಭಾನುವಾರ ನಾಯಿ ಎಣಿಸಲು ಮರೆಯದೆ ಬನ್ನಿ ಎಂದರು.

ನಾಲ್ಕೂವರೆಗೆ ಕಾರ್ಖಾನೆ ಮುಟ್ಟಿದ ಬಿಸ್ಕತ್ತಣ್ಣ ಚೀಟಿಯನ್ನು ಗುಮಾಸ್ತನಿಗೆ ಕೊಟ್ಟು ಹೋಗೋಣವೆಂದಿದ್ದ. ಗುಮಾಸ್ತ ಎದ್ದು ನಿಂತು ಮ್ಯಾನೇಜರ ಕೋಣೆ ತೋರಿಸಿದ. ಮ್ಯಾನೇಜರೂ ಎದ್ದು ನಿಂತರು. ಇವನ ಎರಡೂ ಕೈ ಹಿಡಿದುಕೊಂಡರು.

"ಬೆಳಿಗ್ಗೆ ನಾನು ನಿಮ್ಮನ್ನ ತಪ್ಪು ತಿಳಿದಿದ್ದೆ. ಒಬ್ಬರು ಅನುಮೋದಿಸದಿದ್ರೆ ನಮ್ಮ ಅರ್ಜಿ ಅಲ್ಲೇ ಬಿದ್ದುಹೋಗ್ತಿತ್ತು. ಫೋನಲ್ಲಿ ನಿಮ್ಮ ಹೆಸರು ಕೇಳಿ ನನಗೆ ನಂಬೋಕೇ ಆಗಲಿಲ್ಲ."

ಬಿಸ್ಕತ್ತಣ್ಣನಿಗೂ ಆಗಲಿಲ್ಲ. ಯಾವ ಅರ್ಜಿ ಎಂದು ಕೇಳುವ ಧೈರ್ಯ ಸಾಲದೆ ನಿಂತಿದ್ದಾಗ ಮ್ಯಾನೇಜರು ಆಗಲೇ ಬೆರಳಚ್ಚಾಗಿದ್ದ ಒಂದು ಹಾಳೆಯನ್ನು ಹೆಮ್ಮೆಯಿಂದ ಮುಂದಿಟ್ಟರು. ವಾರ್ಡಿನ ನಿವಾಸಿಗಳ ಒಪ್ಪಿಗೆ ದೊರೆತಿರುವುದರಿಂದ ಸೋಮವಾರದಿಂದ ಕಾರ್ಖಾನೆಯ ಸೈರನ್ ಬೆಳಿಗ್ಗೆ ಎಂಟರ ಬದಲು ಐದೂವರೆಗೆ ಕೂಗುವುದು, ಕೆಲಸವೂ ಆಗಲೇ ಆರಂಭವಾಗುವುದು. ಕೆಳಗೆ ದಪ್ಪಕ್ಷರದಲ್ಲಿ, ಸಭೆಯಲ್ಲಿ ಇದನ್ನು ಅನುಮೋದಿಸಿ ಸಹಕರಿಸಿದ ನಮ್ಮ ಹಿರಿಯ ಕೆಲಸಗಾರರಿಗೆ ವಂದನೆಗಳು ಎಂದು ಬರೆದು, ಅವನ ಹೆತ್ತವರು ಇಟ್ಟ ಹೆಸರನ್ನು ಪೂರ್ತಿಯಾಗಿ ಹಾಕಿದ್ದರು.

"ಸಾರ್," ಎಂದ ಬಿಸ್ಕತ್ತಣ್ಣ. "ನಮ್ಮ ಕಡೆಯಿಂದ ಮೊದಲನೇ ಬಸ್ಸೇ ಆರೂಕಾಲಿಗೆ."

ಮ್ಯಾನೇಜರು ಅದನ್ನೇನೋ ತ್ಯಾಗವೆಂದು ತಿಳಿದು ಇನ್ನಷ್ಟು ಕರಗಿದರು. ಮನಸ್ಸು ಬದಲಾದರೆ ಎಂದು ಬಿಸ್ಕತ್ತಣ್ಣ ತಡವರಿಸಿದ. ಅದಕ್ಕೂ ದಾರಿ ಇದೆಯಂತೆ. ಹದಿನೈದು ದಿನದೊಳಗೆ ಅನುಮೋದಿಸಿದವರು ಖುದ್ದಾಗಿ ವಾರ್ಡು ಕಚೇರಿಗೆ ಹೋಗಿ ಹಿಂತೆಗೆದುಕೊಳ್ಳಬಹುದು. ಕೆಲಸದ ದಿನಗಳಲ್ಲಿ, ಮಧ್ಯಾಹ್ನ ಎರಡು ಗಂಟೆಗೆ ಮಾತ್ರ.

"ಅದಕ್ಕೆ ರಜೆ ಸಾರ್?"

"ವರ್ಷಕ್ಕೆ ಒಂದೇ ಅಲ್ವಾ," ಎಂದರು ಮ್ಯಾನೇಜರು ನಿಜವಾದ ಬೇಸರದಿಂದ.

ಅವನು ಹೊರಗೆ ಬರುವಷ್ಟರಲ್ಲಿ ಗುಮಾಸ್ತ ಆ ಹಾಳೆಯ ಇನ್ನೊಂದು ಪ್ರತಿಯನ್ನು ಗೇಟಿನ ಫಲಕಕ್ಕೆ ಅಂಟಿಸಿಯಾಗಿತ್ತು. ಅದರ ಮುಂದೆ ಜನ ಕವಿದಿದ್ದರು. ಪಕ್ಕದ ಸಾಲಿನ ಅಕ್ಕ ಅವನನ್ನು ನೋಡಿ ಮುಖ ತಿರುಗಿಸಿದಳು. ನಲ್ಲಿ ಸಂಪರ್ಕ ಕೇಳಿದ್ದ ಡಬ್ಬಿಯವನು ಮಾತ್ರ, "ನಿಮ್ಮ ಕೈಗೆ ದೊಡ್ಡ ನಮಸ್ಕಾರ ಅಣ್ಣ," ಎಂದು ಹೇಳಿ ಹೋದ. ಬಿಸ್ಕತ್ತಣ್ಣ ತಲೆ ತಗ್ಗಿಸಿ ಬಸ್ಸು ಹತ್ತಿದ. ಕಂಬಿ ಹಿಡಿದು ನೇತಾಡುತ್ತಿದ್ದ ತನ್ನ ಕೈಯನ್ನು ದಾರಿಯುದ್ದಕ್ಕೂ ಬೇರೆಯವರ ಕೈ ನೋಡುವಂತೆ ನೋಡಿದ.

ಸ್ಟಾಪಿನಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಸ್ಟಾಪು ಉಳಿದ ಸುದ್ದಿ ಅವನಿಗಿಂತ ಮುಂಚೆ ಬಂದು ಇಳಿದಿತ್ತು. ದರ್ಜಿ ಅಳತೆಪಟ್ಟಿಯನ್ನು ಅವನ ಕೊರಳಿಗೆ ಹಾಕಿಬಿಟ್ಟ. ಹೆಂಡತಿ ಗುಂಪಿನ ನಡುವೆ ನಿಂತು, ಮದುವೆಯಾದ ಹೊಸತರಲ್ಲಿ ನೋಡಿದಂತೆ ಅವನನ್ನು ನೋಡಿದಳು. ಇನ್ನು ನಿಮಗೆ ಕೆಲಸಕ್ಕೆ ಹೋಗಲು ಏನೇನೂ ತೊಂದರೆ ಇಲ್ಲ ಎಂದಳು. ಬಿಸ್ಕತ್ತಣ್ಣ ನಗಲು ನೋಡಿದ, ಆಗಲಿಲ್ಲ. ರಾತ್ರಿ ಊಟವಾದ ಮೇಲೆ ಸಮಾಧಾನವಾಗಿ ಹೇಳಿದರಾಯಿತು, ಅಷ್ಟರಲ್ಲಿ ಏನಾದರೂ ಒಂದು ಸುಳ್ಳೂ ಹೊಳೆದೀತು ಎಂದುಕೊಂಡ.

ಮೇಷ್ಟ್ರಿಗೆ ಈ ನೋಟಿಸನ್ನು ನೆನಪಿಗೆ ಇಟ್ಟುಕೊಳ್ಳಬೇಕೆಂಬ ಆಸೆ ಹುಟ್ಟಿತು. ಕಂಬದ ಬಳಿ ಹೋಗಿ, ಅದರ ಮೇಲಿನ 'ರೂಮು ಬಾಡಿಗೆಗಿದೆ' ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಕಿತ್ತರು. ಕೆಳಗೆ ಅಕ್ಷರಗಳು ಹಾಗೇ ಇದ್ದವು. ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ಓದುವ ದನಿಯಲ್ಲಿ ಗಟ್ಟಿಯಾಗಿ ಓದಿದರು. "ವಿಷಯ ಎರಡು. ಬಿಸ್ಕತ್ತು ಕಾರ್ಖಾನೆಯ ಕೆಲಸವನ್ನು ಬೆಳಿಗ್ಗೆ ಐದೂವರೆಗೆ ಆರಂಭಿಸಲು ಅನುಮತಿ."

ಹೆಂಡತಿಯ ಕಣ್ಣು ಕಂಬದ ಮೇಲಿದ್ದ ಬಸ್ಸಿನ ವೇಳಾಪಟ್ಟಿಗೆ ಹೋಯಿತು, ಅಲ್ಲಿಂದ ಗಂಡನ ಮಂಡಿಗೆ ಇಳಿಯಿತು.

"ಐದೂವರೆಗಾ? ಅದಕ್ಕೆ ಯಾರ್ರೀ ಕೈ ಎತ್ತಿರ್ತಾರೆ?"

ಬಿಸ್ಕತ್ತಣ್ಣ ಬಾಯಿ ತೆರೆದ. ಹೇಳಬೇಕಾದ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಬಂದು ನಿಂತಿದ್ದ ಮುಂದಿನ ಬಸ್ಸಿನ ಕಂಡಕ್ಟರು ಬಸ್ಸು ಹೊರಡಿಸಲು ಟಣ್ ಎಂದು ಬೆಲ್ಲು ಹೊಡೆದ. ಇಡೀ ಬೀದಿ ನೋಡುತ್ತಿದ್ದಂತೆ ಅವನ ಬಲಗೈ ಮೇಲೆದ್ದಿತು.